ಜೋಡಿಲ್ಲದ ಹಾಳೆ

2003ನೇ ಇಸವಿ ಜನವರಿ 9, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗೋಕಾಕದ ಗುರುಲಿಂಗಪ್ಪನವರ ವರ್ಕ್‌ಶಾಪಿನಲ್ಲಿ ಫೋನು ರಿಂಗಣಿಸತೊಡಗಿದಾಗ ಶುಭಾಂಗಿ ಕಂಪ್ಯೂಟರಿನ ಮುಂದೆ ಕುಳಿತು ಒಂದು ಕೋಷ್ಟಕದ ಕೊನೆಯ ಸಾಲಿಗೆ ಅಂಕ ತುಂಬುತ್ತಿದ್ದಳು. ಕೈ ತಡೆಯದೆ ಮೂರನೆಯ ಮನೆಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆದಳು. ಫೋನನ್ನು ಮಾಲಕರು ಎತ್ತಿದರು.

"ಯಾರು, ಶಿದ್ಲಿಂಗಪ್ಪಾರ? ಹಾಂ, ಹೇಳ್ರಿ ಹೇಳ್ರಿ. ಬೆಲ್ಲ ಯಾವಾಗ ಕಳಸ್ತೀರಿ ಮತ್ತ?"

ಆಮೇಲೆ ಗುರುಲಿಂಗಪ್ಪನವರು ಆ ಕಡೆಯ ಮಾತನ್ನು ಕೊನೆಯವರೆಗೆ ಕೇಳಿದರು. ಫೋನನ್ನಿಟ್ಟು ಅವಳ ಕಡೆ ತಿರುಗಿದರು.

"ತುಕ್ಕಾನಟ್ಟಿ ಗಾಣದಾಗ ಒಬ್ಬಾಕಿ ಹೆಣ್ಮಗಳು ಸತ್ತಾಳಂತ," ಎಂದರು. "ದುಂಡವ್ವ ಅಂತ ಹೆಸರು. ಕಬ್ಬು ಹಾಕಾಕ ಕುಂತಿದ್ಲಂತ, ಸೆರಗು ಗೇರಿನ್ಯಾಗ ಹೋಗೇತಿ. ಅದನ್ನ ಮುಚ್ಚಾಕ ನಾವು ಕೊಟ್ಟ ಗಾರ್ಡು ಗಿಡ್ಡಿತ್ತಂತ. ಪೊಲೀಸರು ಬಂದಾರಂತ."

ಒಳಗಿನ ಶೆಡ್ಡಿನಿಂದ ಪರಪ್ಪ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದ. ಹತ್ತರಗಿಯವನು, ಐವತ್ತು ದಾಟಿದವನು, ಈ ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸಲು ಹತ್ತಿ ಇಪ್ಪತ್ತೆರಡು ವರ್ಷ.

"ಗಿಡ್ಡ? ನಾ ಮಾಡಿದ್ದು ಗಿಡ್ಡ? ಗೆರಿ ಬಿಟ್ಟು ಕೂದಲೆಳಿಯಷ್ಟು ಆಚೀಚಿ ಆಗಿಲ್ರಿ ನನ್ನ ಕೈ."

"ಅದನ್ನ ಅಲ್ಲಿ ಬಂದು ಹೇಳು. ಜೀಪು ಹತ್ತು," ಎಂದರು ಮಾಲಕರು.

ಜೀಪು ಹೊರಟ ಮೇಲೆ ಆಫೀಸಿನಲ್ಲಿ ಶುಭಾಂಗಿ ಒಬ್ಬಳೇ ಉಳಿದಳು. ಕಂಪ್ಯೂಟರಿನ ಪರದೆಯ ಮೇಲೆ ಅವಳ ಕೋಷ್ಟಕ ಹಾಗೆಯೇ ಇತ್ತು.

ಶುಭಾಂಗಿ ಕಣಗಲಾದ ಭೂಪಾಲ ಅವರ ಮಗಳು. ಭೌತಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ಬೆಳಗಾವಿಯಲ್ಲಿ ಆರು ತಿಂಗಳು ಕಂಪ್ಯೂಟರಿನ ಮೇಲೆ ನಕ್ಷೆ ತೆಗೆಯುವುದನ್ನು ಕಲಿತು, ನಾಲ್ಕು ವರ್ಷದಿಂದ ಇಲ್ಲಿದ್ದಳು. ವರ್ಕ್‌ಶಾಪಿಗೆ ನಕ್ಷೆಯ ಹೊಸ ಪ್ರೋಗ್ರಾಂ ಕೊಳ್ಳಬೇಕೆಂದು ಮಾಲಕರು ಮನಸ್ಸು ಮಾಡಿದ್ದರು. ಬೆಳಗಾವಿಯ ಏಜೆಂಟರು ಪರೀಕ್ಷೆಗೆಂದು ಎರಡು ತಿಂಗಳು ಮಾತ್ರ ನಡೆಯುವ ಸಿ.ಡಿ.ಗಳನ್ನು ಕೊಟ್ಟು ಹೋಗಿದ್ದರು. ಯಾವುದು ಒಳ್ಳೆಯದು, ಯಾಕೆ ಒಳ್ಳೆಯದು ಎಂದು ಬರೆದುಕೊಡುವ ಕೆಲಸ ಅವಳದು. ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡಿದ್ದಳು: ಪರದೆ ತುಂಬಲು ಎಷ್ಟು ಸೆಕೆಂಡು, ಹಿಂದಿನ ಗೆರೆಗಳನ್ನು ಮರೆಮಾಡುತ್ತದೋ ಇಲ್ಲವೋ, ನೆರಳು-ಬೆಳಕು ಹೇಗೆ, ಮುದ್ರಣಕ್ಕೆ ಮೊದಲು ತೋರಿಸುವ ಪ್ರಿವ್ಯೂ ಹೇಗೆ. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ.

ಪ್ರೋಗ್ರಾಂಗಳನ್ನು ಅವಳು ಒಂದು, ಎರಡು, ಮೂರು ಎಂದೇ ಕರೆಯುತ್ತಿದ್ದಳು. ಒಂದು ಎಂದರೆ ಮೊದಲಿನಿಂದಲೂ ಇದ್ದ ಹಳೆಯದು. ಕಪ್ಪು ಪರದೆ, ಬಿಳಿ ಗೆರೆ. ಪೆಟ್ಟಿಗೆಯ ಚಿತ್ರ ತೆಗೆದರೆ ಹಿಂದಿನ ಅಂಚು ಮುಂದಿನ ಅಂಚು ಎಲ್ಲ ಒಟ್ಟಿಗೆ ಕಾಣಿಸಿ ಜೇಡರ ಬಲೆಯಾಗುತ್ತಿತ್ತು. ಹಿಗ್ಗಿಸಿ ನೋಡಹೋದರೆ ಪರದೆ ಮತ್ತೆ ಮೂಡುವುದರೊಳಗೆ ಒಂದು ಚಹಾ ಮುಗಿಯುತ್ತಿತ್ತು. ಪ್ರಿವ್ಯೂ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಎಷ್ಟು ಪ್ರಮಾಣದಲ್ಲಿ ಬೇಕೆಂದು ಕೈಯಾರೆ ಟೈಪ್ ಮಾಡಿ, ನಕ್ಷೆ ಮುದ್ರಿಸುವ ಪ್ಲಾಟರಿಗೆ ಕಳಿಸಬೇಕು. ಬಂದದ್ದು ಸರಿಯೇ ಎಂದು ಬಂದ ಮೇಲೆ ಅಳತೆಪಟ್ಟಿ ಇಟ್ಟು ನೋಡಬೇಕು.

ಎರಡನೆಯದರಲ್ಲಿ ಪ್ರಿವ್ಯೂ ಇತ್ತು, ಆದರೆ ಒರಟು. ಹಾಳೆಯ ಅಂಚನ್ನು ಚುಕ್ಕೆಗೆರೆಯಲ್ಲಿ ತೋರಿಸಿ, ನಕ್ಷೆ ಅದರಾಚೆ ಹೋದರೆ ಆಚೆ ಹೋದಷ್ಟನ್ನು ಕತ್ತರಿಸಿ ಇಡುತ್ತಿತ್ತು. ಅದಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದಳು.

ಮೂರನೆಯದು ಚೆಲುವಾದದ್ದು. ತಗಡು ತಗಡಿನಂತೆಯೇ ಹೊಳೆಯುತ್ತಿತ್ತು, ಮೌಸ್ ಹಿಡಿದು ಎತ್ತ ಬೇಕಾದರೂ ತಿರುಗಿಸಬಹುದಿತ್ತು. ಮೊದಲ ದಿನ ಪರಪ್ಪನನ್ನು ಕರೆದು ತೋರಿಸಿದಾಗ ಅವನು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಬಣ್ಣಾನೂ ಹಚ್ಚಿಬಿಟ್ಟೈತಲ್ಲ ತಂಗಿ ಇದು! ಇನ್ನ ನನ್ನ ಪಗಾರ ಇದಕ್ಕ ಕೊಡ್ರಿ ಅಂತ ಮಾಲಕರಿಗೆ ಹೇಳಿಬಿಡು," ಎಂದಿದ್ದ.

"ಕತ್ತರಸಾಕ ಬರೂದಿಲ್ಲ ಕಾಕಾ ಅದಕ್ಕ."

"ಹಂಗಾದ್ರ ಅರ್ಧಾ ಕೊಡ್ರಿ."

ಆ ನಗು ಅವಳಿಗೆ ಈಗ ಎಲ್ಲೋ ದೂರದ ಓಣಿಯಲ್ಲಿ ಕೇಳಿದಂತಿತ್ತು. ಗಾರ್ಡು ಗಿಡ್ಡ. ಗಾರ್ಡು ಗಿಡ್ಡ. ಈ ಮಾತನ್ನು ಮೊದಲೂ ಒಮ್ಮೆ ಕೇಳಿದ್ದೇನಲ್ಲ ಎಂದು ಅವಳ ಮನಸ್ಸು ಮೆಲ್ಲಗೆ ಚುಚ್ಚತೊಡಗಿತು. ಯಾವಾಗ ಎಂಬುದೂ ನೆನಪಾಯಿತು.

ಡಿಸೆಂಬರಿನ ನಡುವೆ ಒಂದು ಮಧ್ಯಾಹ್ನ ತುಕ್ಕಾನಟ್ಟಿ ಗಾಣದ ಸಾಹುಕಾರ ಇದೇ ಶಿದ್ಲಿಂಗಪ್ಪನವರು ಫೋನು ಮಾಡಿದ್ದರು. ಮಾಲಕರು ಊಟಕ್ಕೆ ಹೋಗಿದ್ದರಿಂದ ಅವಳೇ ಎತ್ತಿದ್ದಳು. "ಏನಿಲ್ಲವಾ, ನಮ್ಮ ಗಾಣದ ಹೆಣ್ಮಗಳು ಒಂದ ಸವನ ಹೇಳಾಕತ್ತಾಳ, ಹೊಸಾ ಮುಚ್ಚಳ ಬಲಕ ಮುಟ್ಟೂದಿಲ್ಲ, ಗಿಡ್ಡಾಗೇತಿ ಅಂತ. ಒಂದೀಟು ನೋಡ್ತಿಯೇನು?" ಎಂದಿದ್ದರು. ಅವಳು ನೋಡಿದ್ದಳು. ಪರದೆಯ ಮೇಲೆ ನಕ್ಷೆ ತೆರೆದು, ಎರಡು ತುದಿಗಳ ನಡುವೆ ಅಳೆದು, ಮೂಡಿದ ಅಂಕಿಯನ್ನು ಓದಿ ಹೇಳಿದ್ದಳು: "ಇಲ್ರಿ ಕಾಕಾ, ಎಂಟುನೂರಾ ಐವತ್ತೆರಡು ಮಿಲಿಮೀಟರ್ ಬರೋಬ್ಬರಿ ಐತಿ. ನಿಮ್ಮ ಗಾಣದ ಫ್ರೇಮ್ ಜಗ್ಗಿರಬೇಕು."

ಹಳೆಯ ಗಾಣಗಳು, ಜಗ್ಗಿದರೂ ಜಗ್ಗಿರಬಹುದು. ಶಿದ್ಲಿಂಗಪ್ಪನವರು ಹೌದೆಂದು ಫೋನು ಇಟ್ಟಿದ್ದರು.

ಶುಭಾಂಗಿ ಎದ್ದು ಶೆಡ್ಡಿಗೆ ನಡೆದಳು.

ಗುರುಲಿಂಗಪ್ಪನವರ ವರ್ಕ್‌ಶಾಪಿನಲ್ಲಿ ತಗಡಿನ ಕೆಲಸಕ್ಕೆ ಒಂದು ರೂಢಿಯಿತ್ತು. ಅಲ್ಲಿ ಯಾರೂ ಅಳೆಯುತ್ತಿರಲಿಲ್ಲ. ನಕ್ಷೆಯನ್ನು ವಸ್ತುವಿನಷ್ಟೇ ದೊಡ್ಡದಾಗಿ ಹಾಳೆಯ ಮೇಲೆ ತೆಗೆದುಕೊಟ್ಟರೆ ಪರಪ್ಪ ಅದನ್ನು ಮೈದಾ ಅಂಟಿನಿಂದ ತಗಡಿಗೆ ಅಂಟಿಸಿ, ಗೆರೆಯ ಮೇಲೆಯೇ ಕತ್ತರಿ ಆಡಿಸುತ್ತಿದ್ದ. ಹಾಗೆ ಕತ್ತರಿಸಿದ ಮೊದಲ ತುಂಡಿಗೆ ಫರ್ಮಾ ಎನ್ನುತ್ತಿದ್ದರು. ಫರ್ಮಾ ಗೋಡೆಯ ಮೊಳೆಗೆ ಏರಿತೆಂದರೆ ಮುಂದಿನ ಎಲ್ಲ ತುಂಡುಗಳೂ ಅದರ ಪಡಿಯಚ್ಚು. ಹಾಳೆಯ ಮೇಲೆ ಬರೆದ ಅಂಕಿಗಳತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. "ಅಂಕಿ ನಿಮ್ಮ ಆಫೀಸಿಗೆ ತಂಗಿ, ಗೆರಿ ನಮಗ," ಎನ್ನುತ್ತಿದ್ದ ಪರಪ್ಪ. ಹೆಸರು ಬರೆಯುವಷ್ಟು ಮಾತ್ರ ಅಕ್ಷರ ಅವನದು. ಆದರೆ ಅವನ ಕತ್ತರಿಗೆ ಗೆರೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಗಾಣದ ಗಾರ್ಡಿನ ಫರ್ಮಾ ಮೂರನೆಯ ಮೊಳೆಯಲ್ಲಿ ತೂಗುತ್ತಿತ್ತು. ಅಂಟಿಸಿದ ಹಾಳೆ ಇನ್ನೂ ಕಿತ್ತಿರಲಿಲ್ಲ. ಉದ್ದದ ಬಾಣಗುರುತಿನ ನಡುವೆ ಅವಳೇ ಬರೆಸಿದ 852 ಸ್ಪಷ್ಟವಾಗಿತ್ತು. ಅವಳು ಫರ್ಮಾ ಇಳಿಸಿ ಬೆಂಚಿನ ಮೇಲೆ ಹರವಿ, ಉಕ್ಕಿನ ಟೇಪನ್ನು ಒಂದು ತುದಿಗೆ ಕೊಕ್ಕೆ ಹಾಕಿ ಎಳೆದಳು.

ಎಂಟುನೂರಾ ಐದು.

ಮತ್ತೆ ಎಳೆದಳು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಪ್ರಯೋಗಶಾಲೆಯಲ್ಲಿ ಕಲಿಸಿದಂತೆ ಮೂರು ಸಲ. ಮೂರು ಸಲವೂ ಎಂಟುನೂರಾ ಐದು. ಪರಪ್ಪನ ಕತ್ತರಿ ಗೆರೆಯ ನಡುವೆಯೇ ಹೋಗಿತ್ತು. ಗೆರೆಯ ಅರ್ಧ ಕಪ್ಪು ಫರ್ಮಾದ ಅಂಚಿನಲ್ಲಿ ಉದ್ದಕ್ಕೂ ಉಳಿದಿತ್ತು.

ತಪ್ಪು ಎಲ್ಲಾಯಿತೆಂದು ಅವಳು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ.

ನವೆಂಬರ್ 26ರಂದು, ಈ ಹಂಗಾಮಿನ ಹೊಸ ಫರ್ಮಾಕ್ಕೆಂದು, ಇದೇ ಗಾರ್ಡಿನ ನಕ್ಷೆಯನ್ನು ಅವಳು ಮೂರೂ ಪ್ರೋಗ್ರಾಂಗಳಲ್ಲಿ ತೆಗೆದು ನೋಡಿದ್ದಳು. ಗಾರ್ಡಿನ ಉದ್ದ ಅವರ ಪ್ಲಾಟರಿನ ಹಾಳೆಗೆ ದೊಡ್ಡದು. ಕೊಲ್ಲಾಪುರದಿಂದ ಹಳೆಯದೆಂದು ತಂದ ಪ್ಲಾಟರು ಅದು, ಅಂಚು ಬಿಟ್ಟು ಬರೆಯುವುದು. ಹೀಗಾಗಿ ಗಾರ್ಡನ್ನು ಮೊದಲಿನಿಂದಲೂ ಎರಡು ಹಾಳೆಗಳಲ್ಲಿ ತೆಗೆದು ಸೆಲೋಟೇಪಿನಿಂದ ಜೋಡಿಸಿ ಕೊಡುತ್ತಿದ್ದಳು. ಜೋಡಿನಲ್ಲಿ ಅಳತೆ ಕೆಡದಿರಲೆಂದು ಪ್ರತಿ ಹಾಳೆಯ ಮೂಲೆಯಲ್ಲೂ ಸರಿಯಾಗಿ ನೂರು ಮಿಲಿಮೀಟರಿನ ಒಂದು ಗೆರೆ ಎಳೆದು, ಉಕ್ಕಿನ ಪಟ್ಟಿ ಇಟ್ಟು ನೋಡಿಯೇ ಒಳಗೆ ಕಳಿಸುವುದು ಅವಳ ಅಭ್ಯಾಸ. ಪರಪ್ಪನಿಗೆ ಆ ಜೋಡು ಆಗುತ್ತಿರಲಿಲ್ಲ. ಅಂಟು ಹಚ್ಚಿದಾಗ ಏಳುತ್ತದೆಂದು ಗೊಣಗುತ್ತಿದ್ದ.

ಮೂರನೆಯ ಪ್ರೋಗ್ರಾಂನ ಪ್ರಿವ್ಯೂದಲ್ಲಿ ಆ ದಿನ ಬಿಳಿಯ ಹಾಳೆಯೊಂದು ಮೂಡಿತು. ಅದರೊಳಗೆ ಗಾರ್ಡು ಪೂರ್ತಿಯಾಗಿ, ನಾಲ್ಕೂ ಕಡೆ ಅಂಚು ಬಿಟ್ಟು, ತೊಟ್ಟಿಲಲ್ಲಿ ಮಲಗಿಸಿದಂತೆ ಕುಳಿತಿತ್ತು. ಕೆಳಗೆ ಒಂದು ಸಣ್ಣ ಚೌಕದಲ್ಲಿ ಮೊದಲೇ ಗುರುತು ಬಿದ್ದಿತ್ತು: ನಕ್ಷೆಯನ್ನು ಹಾಳೆಗೆ ಹೊಂದಿಸು ಎಂಬುದು ಅದರ ಅರ್ಥ. ಅವಳು ಅದನ್ನು ಓದಿದ್ದಳು. ಒಂದೇ ಹಾಳೆಯಲ್ಲಿ ಬಂತಲ್ಲ ಎಂಬ ಹಿಗ್ಗಿನಲ್ಲಿ, ಹೇಗೆ ಬಂತು ಎಂದು ಕೇಳಿಕೊಂಡಿರಲಿಲ್ಲ. 852ನ್ನು ಹಾಳೆಗೆ ಹಿಡಿಸಬೇಕೆಂದರೆ ಪ್ರೋಗ್ರಾಂಗೆ ಇದ್ದ ದಾರಿ ಒಂದೇ. ಎಲ್ಲವನ್ನೂ ನೂರಕ್ಕೆ ಐದೂವರೆಯಷ್ಟು ಕುಗ್ಗಿಸಿತ್ತು. ಅಂಕಿಗಳು ಮಾತ್ರ ಇದ್ದ ಹಾಗೆಯೇ ಇದ್ದವು, ಏಕೆಂದರೆ ಅವು ಬರುವುದು ನಕ್ಷೆಯಿಂದ, ಕಾಗದದಿಂದಲ್ಲ. ಜೋಡು ಇಲ್ಲದ್ದರಿಂದ ನೂರರ ಗೆರೆಯ ಮೇಲೆ ಆ ದಿನ ಪಟ್ಟಿಯನ್ನೂ ಇಡಲಿಲ್ಲ. ಹಾಳೆಯನ್ನು ಸುರುಳಿ ಸುತ್ತಿ ತಾನೇ ಶೆಡ್ಡಿಗೆ ಒಯ್ದು, "ತೊಗೊಳ್ರಿ ಪರಪ್ಪ ಕಾಕಾ, ಇನ್ನ ಮ್ಯಾಲ ಜೋಡು ಹಾಳಿ ಇಲ್ಲ," ಎಂದಿದ್ದಳು.

"ಬಾಳ ಚಲೋ ಆತು ತಂಗಿ. ನಿನ್ನ ಕೈ ತಣ್ಣಗಿರಲಿ," ಎಂದಿದ್ದ ಅವನು.

ಗಾರ್ಡುಗಳು ಹಳ್ಳಿಯ ಹಳೆಯ ಗಾಣಗಳಿಗೆ ಹೋಗುವಂಥವು. ಎಡತುದಿಯಲ್ಲಿ ಎರಡು ಬೋಲ್ಟು, ಬಲತುದಿ ಗೇರನ್ನು ಮುಚ್ಚಿ ಬೇರಿಂಗಿನ ದಿಮ್ಮಿಯವರೆಗೆ ಮುಟ್ಟಬೇಕು. ಬೋಲ್ಟಿನ ತೂತುಗಳನ್ನು ಪರಪ್ಪ ಯಾವಾಗಲೂ ಉದ್ದುದ್ದವಾಗಿಯೇ ಕೊರೆಯುತ್ತಿದ್ದ, ಹಳ್ಳಿಯವರಿಗೆ ಕೂಡಿಸಲು ಸುಲಭವಾಗಲೆಂದು. ಹಾಗಾಗಿ ಎಡಕ್ಕೆ ಎಲ್ಲ ಸರಿಯಾಗಿ ಕೂತಿತ್ತು. ಕಡಿಮೆ ಬಿದ್ದದ್ದೆಲ್ಲ ಬಲಕ್ಕೆ ಸರಿದಿತ್ತು, ಕಬ್ಬು ಹಾಕುವವರು ಕೂಡುವ ಕಡೆಗೆ.

ಅವಳು ಡೆಲಿವರಿ ಪುಸ್ತಕ ತೆಗೆದು ನೋಡಿದಳು. ಈ ಫರ್ಮಾದಿಂದ ನಾಲ್ಕು ಗಾರ್ಡು ಹೋಗಿದ್ದವು. ತುಕ್ಕಾನಟ್ಟಿಗೆ ಒಂದು, ಹತ್ತರಗಿಗೆ ಎರಡು, ಅವಳ ಊರು ಕಣಗಲಾಕ್ಕೆ ಒಂದು. ಹಂಗಾಮು ಜೋರಿನಲ್ಲಿತ್ತು. ಉಳಿದ ಮೂರೂ ಗಾಣಗಳು ಈ ಗಳಿಗೆಯಲ್ಲಿ ತಿರುಗುತ್ತಿರಬೇಕು.

ಗುರುಲಿಂಗಪ್ಪನವರು ತಿರುಗಿ ಬಂದಾಗ ನಾಲ್ಕು ಗಂಟೆ. ಜೀಪಿನಿಂದ ಅವರೊಬ್ಬರೇ ಇಳಿದರು.

"ಪರಪ್ಪ ಕಾಕಾ ಎಲ್ಲಿ?"

"ಮೂಡಲಗಿ ಠಾಣೆದಾಗ ಕೂಡಿಸಿಕೊಂಡಾರ. ನಕ್ಷೆದಾಗ ಎಷ್ಟೈತಿ ಅಂತ ಕೇಳಿದ್ರು, ಎಂಟುನೂರಾ ಐವತ್ತೆರಡು ಅಂದೆ. ಗಾರ್ಡು ಅಳದ್ರು, ಕಡಿಮಿ ಬಂತು. ಮಿಸ್ತ್ರಿ ಕೈ ತಪ್ಪೇತಿ ಅಂದ್ರು." ಮಾಲಕರು ಕುರ್ಚಿಯಲ್ಲಿ ಕುಸಿದು ಕುಳಿತರು. "ಅವಾ ಒಂದ ಮಾತು ಹಿಡದಾನ, ನಾ ಗೆರಿ ದಾಟಿಲ್ಲ ಅಂತ."

"ದಾಟಿಲ್ರಿ. ಗೆರಿನ ತಪ್ಪಿತ್ತು."

ಅವಳು ಬೆಂಚಿನತ್ತ ಕರೆದೊಯ್ದು ಟೇಪು ಎಳೆದು ತೋರಿಸಿದಳು. ಅವರು ಇಪ್ಪತ್ತೈದು ವರ್ಷ ಕಬ್ಬಿಣದ ಕೆಲಸ ಮಾಡಿಸಿದವರು. ಮತ್ತೊಮ್ಮೆ ಹೇಳಬೇಕಾಗಲಿಲ್ಲ. ಆ 852ನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ಇದನ್ನ ಯಾರಿಗರ ಹೇಳಿಯೇನು?"

"ಇನ್ನೂ ಇಲ್ರಿ."

"ಹೇಳಬ್ಯಾಡ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. "ಕೇಳಿಲ್ಲಿ ಶುಭಾಂಗಿ. ಕೈ ತಪ್ಪೇತಿ ಅಂದ್ರ ಒಂದ ಗಾರ್ಡು ಕೆಟ್ಟಂಗ. ಕಾಗದ ತಪ್ಪೇತಿ ಅಂದ್ರ ವರ್ಕ್‌ಶಾಪಿಗೇ ಕೀಲಿ ಬಿದ್ದಂಗ. ಪರಪ್ಪಗ ಎರಡ ದಿನದಾಗ ಜಾಮೀನು ಕೊಡಿಸ್ತೇನಿ, ವಕೀಲರಿಗೆ ಹೇಳಿ ಬಂದೇನಿ. ನೀ ಲಗ್ನಾಗೂ ಹುಡಿಗಿ, ನಿನಗ್ಯಾಕ ಠಾಣೆ, ಕೋರ್ಟು?"

"ಇದರ ಮ್ಯಾಲ ಇನ್ನೂ ಮೂರು ಹೋಗ್ಯಾವ್ರಿ. ಒಂದ ಗಾರ್ಡು ಕೆಟ್ಟೈತಿ ಅಂದ್ರ ಅವು ಮೂರೂ ಚಲೋ ಅದಾವ ಅಂತ ಆಗತೈತಿ. ತಿರಗತಾವ."

"ನಾಳೆ ಮಂದಿ ಕಳಿಸಿ ಬದಲ ಮಾಡಸ್ತೇನಿ. ಗದ್ದಲ ಇಲ್ದಂಗ."

"ನಾಳೆ ಮುಂಜಾನಿ ತನಕ ಯಾರ ಸೆರಗು ಹೋಗತೈತೋ?"

ಅವಳು ಫರ್ಮಾವನ್ನು ಹಳೆಯ ಚಾದರದಲ್ಲಿ ಸುತ್ತಿ, ಉಕ್ಕಿನ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಗುರುಲಿಂಗಪ್ಪನವರು ತಡೆಯಲಿಲ್ಲ.

ಬಸ್‌ಸ್ಟ್ಯಾಂಡಿನ ಪಕ್ಕದ ಎಸ್‌ಟಿಡಿ ಬೂತಿನಿಂದ ಮೊದಲು ಹತ್ತರಗಿಗೆ ಫೋನು ಮಾಡಿದಳು. ಒಂದು ಗಾಣದವನು ಕೇಳಿ ನಕ್ಕ. "ಗಾರ್ಡೇನ್ರಿ? ಅದನ್ನ ಎರಡನೇ ದಿನಾನ ಬಿಚ್ಚಿ ಒಗದೇವಿ. ಅಡ್ಡಬರತೈತಿ ಅದು." ಅಲ್ಲಿನ ಎರಡನೆಯ ಗಾಣದವನು ಹೇಳಿದ, "ಗಿಡ್ಡ ಇತ್ತು ಖರೆ. ಗೋಣಿಚೀಲ ಕಟ್ಟೇವಲ್ಲ, ನಡೀತೈತಿ." ತುಕ್ಕಾನಟ್ಟಿಯ ಸುದ್ದಿ ಹೇಳಿದ ಮೇಲೆ ಇಬ್ಬರೂ ಮೋಟರು ಬಂದ್ ಮಾಡುತ್ತೇವೆ ಎಂದರು. ಮಾಡುತ್ತಾರೋ ಇಲ್ಲವೋ ಅವಳಿಗೆ ಗೊತ್ತಾಗುವಂತಿರಲಿಲ್ಲ.

ಕಣಗಲಾದಲ್ಲಿ ಗಾಣದವರ ಮನೆಗೆ ಫೋನಿರಲಿಲ್ಲ. ಅಪ್ಪನಿಗೇ ಫೋನು ಹಚ್ಚಿದಳು.

"ಅಪ್ಪಾ, ಈಗಿಂದೀಗ ಹೋಗಿ ಗಾಣ ನಿಲ್ಲಸ್ರಿ. ನಮ್ಮ ಗಾರ್ಡು ತಪ್ಪಾಗೇತಿ. ಇಲ್ಲೊಬ್ಬಾಕಿ ಸತ್ತಾಳ."

ಭೂಪಾಲ ಅವರು "ತಪ್ಪು ಯಾರದವ್ವಾ?" ಎಂದು ಕೇಳಿದರು.

"ನಂದ, ಅಪ್ಪಾ."

ಒಂದು ಇರುವೆ ಕಾಲಡಿ ಸಿಕ್ಕಿತೆಂದು ದಾರಿಯಲ್ಲಿ ನಿಂತುಬಿಡುವ ಮನುಷ್ಯ ಅವರು. "ಹೊಂಟೆ," ಎಂದು ಫೋನಿಟ್ಟರು.

ಮೂಡಲಗಿ ಠಾಣೆ ಮುಟ್ಟಿದಾಗ ಆರು ಗಂಟೆ ದಾಟಿತ್ತು. ವರಾಂಡದ ಒಂದು ಬೆಂಚಿನ ಮೇಲೆ ಪರಪ್ಪ ಕುಳಿತಿದ್ದ. ಎದುರಿನ ಬೆಂಚಿನ ಮೇಲೆ ಬಡಕಲು ಮೈಯ ಒಬ್ಬ ಮನುಷ್ಯ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ದುಂಡವ್ವನ ಗಂಡ ಉದ್ದಪ್ಪ ಎಂದು ಪೇದೆ ಹೇಳಿದ. ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ.

ಶುಭಾಂಗಿಯನ್ನು ಕಂಡು ಪರಪ್ಪ ಎದ್ದು ನಿಂತ. "ನೀ ಯಾಕ ಬಂದಿ ತಂಗಿ ಇಲ್ಲಿಗೆ?" ಎಂದ. ಅವಳ ಕೈಯ ಚಾದರದ ಆಕಾರ ನೋಡಿಯೇ ಅದೇನೆಂದು ಅವನಿಗೆ ತಿಳಿಯಿತು.

ಒಳಗೆ ಠಾಣೆಯ ಅಧಿಕಾರಿ ಫೌಜದಾರರು ಫರ್ಮಾ ನೋಡಿ, ಅಂಕಿ ಓದಿ, ಮೇಜಿನ ಮೇಲೆ ಬೆರಳು ಕುಟ್ಟಿದರು. "ಎಂಟುನೂರಾ ಐವತ್ತೆರಡು ಅಂತ ಬರದೈತಲ್ಲವಾ. ಕಾಗದ ಬರೋಬ್ಬರಿ ಐತಿ. ಮಾಡಿದಾವ ತಪ್ಪು ಮಾಡ್ಯಾನ. ಇದರಾಗ ನಿಂದೇನು?"

"ಸಾಹೇಬ್ರ, ಓದಬ್ಯಾಡ್ರಿ, ಅಳೀರಿ."

ಅವಳು ಪಟ್ಟಿಯನ್ನು ಹಾಳೆಯ ಮೂಲೆಯ ಆ ಸಣ್ಣ ಗೆರೆಯ ಮೇಲೆ ಇಟ್ಟಳು. ಗೆರೆಯ ಪಕ್ಕದಲ್ಲಿ 100 ಎಂದಿತ್ತು. ಪಟ್ಟಿಯಲ್ಲಿ ಅದು ತೊಂಬತ್ತನಾಲ್ಕೂವರೆಗೆ ಮುಗಿದಿತ್ತು. ಫೌಜದಾರರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಪಟ್ಟಿಯನ್ನು ತಾವೇ ಕೈಗೆ ತೆಗೆದುಕೊಂಡು ಮತ್ತೆ ಇಟ್ಟು ನೋಡಿದರು. ಅವಳು ಹಾಳೆಗೆ ಹೊಂದಿಸಿದ ಕಥೆಯನ್ನೂ, ಪ್ರಿವ್ಯೂ ನೋಡಿ ಸಮಾಧಾನಪಟ್ಟು ಈ ಗೆರೆ ಅಳೆಯದೆ ಬಿಟ್ಟದ್ದನ್ನೂ, ಹಾಳೆಯನ್ನು ತಾನೇ ಒಯ್ದು ಕೊಟ್ಟದ್ದನ್ನೂ ಹೇಳಿದಳು. ಮೂರೂ ಪ್ರೋಗ್ರಾಂಗಳ ವಿಷಯ ಅರ್ಧ ಅವರಿಗೆ ತಿಳಿಯಲಿಲ್ಲ. ಗೆರೆ ತಿಳಿಯಿತು.

"ಹಂಗಾದ್ರ ಹೆಸರು ನಿಂದು ಬರೀಬೇಕಾಗತೈತಿ," ಎಂದರು.

"ಬರೀರಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪರಪ್ಪ ತನಗೆ ತಾನೇ ಹೇಳಿಕೊಳ್ಳುವಂತೆ, "ಇಪ್ಪತ್ತೆರಡು ವರ್ಷ ಗೆರಿ ನಂಬಿ ಕತ್ತರಸೇನಿ," ಎಂದ. ಬಿಡುಗಡೆಯಾದವನ ದನಿಯಾಗಿರಲಿಲ್ಲ ಅದು. ಅವನು ಶುಭಾಂಗಿಯ ಕಡೆ ನೋಡಲಿಲ್ಲ.

ಪಂಚನಾಮೆಯ ಬರಹಕ್ಕೆ ಉದ್ದಪ್ಪನನ್ನೂ ಒಳಗೆ ಕರೆದರು. ಅವನು ಗೋಡೆಗೆ ಒರಗಿ ನಿಂತು, ಫರ್ಮಾವನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ.

"ಅಕಿ ಮೊದಲನೇ ದಿನಾನ ಹೇಳಿದ್ಲರಿ," ಎಂದ ಫೌಜದಾರರಿಗೆ. "ಸಾಹುಕಾರಗ ಕೈ ಎತ್ತಿ ತೋರಿಸಿದ್ಲು, ಇಷ್ಟು ಸಂದು ಐತಿ, ಮೂರು ಬೆರಳು ಹೋಗತಾವ ಅಂತ. ಗೋಕಾಕಕ್ಕ ಫೋನ್ ಹಚ್ಚಿದ್ರ, ಬರೋಬ್ಬರಿ ಐತಿ ಅಂತ ಹೇಳಿದ್ರಂತ. ಮುಂದ ಅಕಿ ಸುಮ್ಮನಾದ್ಲು. ಕಲತವರು ಹೇಳ್ಯಾರ ಬಿಡು ಅಂದ್ಲು."

ಠಾಣೆಯ ಟ್ಯೂಬ್‌ಲೈಟು ಸಣ್ಣಗೆ ಗುಂಯ್‌ಗುಡುತ್ತಿತ್ತು. ಶುಭಾಂಗಿ ಉದ್ದಪ್ಪನ ಕಡೆ ತಿರುಗಿದಳು.

"ಹಂಗ ಹೇಳಿದಾಕಿ ನಾನ, ಕಾಕಾ."

ಉದ್ದಪ್ಪ ಬೈಯಲಿಲ್ಲ, ಅಳಲಿಲ್ಲ. ಇವಳೇ ಏನು ಎಂಬಂತೆ ನೋಡಿದ. "ನೀ ಒಮ್ಮೆ ಬಂದು ನೋಡಿದ್ರ ಆಗತಿತ್ತಲ್ಲವಾ," ಎಂದ. "ಇಲ್ಲೇ ಐತಿ ತುಕ್ಕಾನಟ್ಟಿ."

ಫೌಜದಾರರು ಪೆನ್ನು ಎತ್ತಿಕೊಂಡರು. "ಸಂದು ಎಷ್ಟಿತ್ತು? ಮೂರು ಬೆರಳು ಅಂತ ಬರ್ಯಾಕ ಬರೂದಿಲ್ಲ. ಅಂಕಿ ಹೇಳ್ರಿ."

ಉದ್ದಪ್ಪ ಬಲಗೈಯ ಮೂರು ಬೆರಳು ಕೂಡಿಸಿ ಮುಂದೆ ಹಿಡಿದ. ಹೆಂಡತಿ ತೋರಿಸಿದಂತೆಯೇ ಹಿಡಿದಿರಬೇಕು. ಶುಭಾಂಗಿ ಆ ಕೈ ನೋಡಿದಳು, ಪಟ್ಟಿ ನೋಡಿದಳು, ಮತ್ತೆ ಫೌಜದಾರರ ಕಡೆ ತಿರುಗಿ, ಬರೆಯಲು ಅನುವಾಗುವಂತೆ ನಿಧಾನವಾಗಿ ಹೇಳಿದಳು:

"ಇರಬೇಕಾದ ಉದ್ದ ಎಂಟುನೂರಾ ಐವತ್ತೆರಡು. ಇದ್ದ ಉದ್ದ ಎಂಟುನೂರಾ ಐದು. ಸಂದು ನಲವತ್ತೇಳು ಮಿಲಿಮೀಟರ್."